ಕರಿಹಲಗೆಯ ಮುಂದೆ ಯಾರು?

ಶಾಲೆ ಬಾಗಿಲು ತೆರೆಯುವ ಜೂನ್‌ನಲ್ಲಿ ಆಂಧ್ರದ ಸರ್ಕಾರಿ ಶಾಲೆಯ ಮಗುವಿಗೆ ಬ್ಯಾಗು, ಬೂಟು, ಬೆಲ್ಟು, ಸಮವಸ್ತ್ರದ ಬಟ್ಟೆ, ನೋಟ್‌ಬುಕ್ಕು ಎಲ್ಲ ಸೇರಿಸಿ ಒಂದು ಕಿಟ್ಟು ಕೊಡುತ್ತಾರೆ. ತಾಯಿಯ ಖಾತೆಗೆ ದುಡ್ಡು ಬೀಳುತ್ತದೆ. 2020ರಲ್ಲಿ ‘ಅಮ್ಮ ಒಡಿ’ ಎಂದು ಶುರುವಾದಾಗ ಅದು ವರ್ಷಕ್ಕೆ 15 ಸಾವಿರ. ಸರ್ಕಾರ ಬದಲಾದ ಮೇಲೆ 2025ರಲ್ಲಿ ‘ತಲ್ಲಿಕಿ ವಂದನಂ’ ಆದಾಗ ಕೈಗೆ 13 ಸಾವಿರ, ಉಳಿದ ಎರಡು ಸಾವಿರ ಶಾಲೆಯ ನಿರ್ವಹಣೆಗೆ. ಮಧ್ಯಾಹ್ನದ ಊಟಕ್ಕೆ ಮೊಟ್ಟೆ, ಚಿಕ್ಕಿ. 2023ರಿಂದ ರಾಗಿ ಜಾವ, ಅಂದರೆ ಗಂಜಿ. ಈ ಕೊಡುಗೆಗಳಲ್ಲಿ ತಾರತಮ್ಯ ಹುಡುಕಿದರೂ ಸಿಗುವುದಿಲ್ಲ. ಶ್ರೀಕಾಕುಳಂನ ಮಗುವಿಗೆ ಕೊಟ್ಟದ್ದನ್ನೇ ಅಗಳಿಯ ಮಗುವಿಗೂ ಕೊಡುತ್ತಾರೆ. ಅಗಳಿಯ ಮಗು ಮನೆಯಲ್ಲಿ ಕನ್ನಡ ಮಾತಾಡುತ್ತದೆ ಎಂಬ ಒಂದು ಸಂಗತಿ ಮಾತ್ರ ಆ ಕಿಟ್ಟಿನೊಳಗೆ ಹಿಡಿಸಿಲ್ಲ.

ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ, ಮಡಕಶಿರಾ. ಹಳೆಯ ಮಡಕಶಿರಾ ತಾಲ್ಲೂಕಿನ ಈ ಐದು ಮಂಡಲಗಳು ಕರ್ನಾಟಕದೊಳಕ್ಕೆ ಚಾಚಿಕೊಂಡ ಆಂಧ್ರದ ಮೂಲೆ. ಶಿರಾ, ಮಧುಗಿರಿ, ಪಾವಗಡ ಇದನ್ನು ಸುತ್ತುವರಿದಿವೆ. ಪಾವಗಡದ್ದು ಇದಕ್ಕೆ ತದ್ವಿರುದ್ಧ, ಅದು ಆಂಧ್ರದೊಳಕ್ಕೆ ಹೊಕ್ಕ ಕರ್ನಾಟಕ. (ಗುಡಿಬಂಡೆ ಎಂದ ಕೂಡಲೇ ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ನೆನಪಾದವರು ಕ್ಷಮಿಸಬೇಕು. ಆಚೆಗೊಂದು, ಈಚೆಗೊಂದು ಇವೆ.) ಅನಂತಪುರ ಸೀಮೆಯ ಇನ್ನೊಂದು ತುದಿಗೆ ರಾಯದುರ್ಗ. ಅದರ ಜೊತೆಗೆ ಡಿ. ಹಿರೇಹಾಳ್, ಕಣೇಕಲ್ಲು, ಬೊಮ್ಮನಹಾಳ್, ಗುಮ್ಮಗಟ್ಟ. ಇಲ್ಲಿಯವರಿಗೆ ಬಳ್ಳಾರಿ, ಮೊಳಕಾಲ್ಮೂರು ಎಂದರೆ ಪಕ್ಕದ ಊರು. ಜಿಲ್ಲಾ ಕೇಂದ್ರ ಅನಂತಪುರವೇ ದೂರ.

ಎರಡೂ ಕಡೆ ಕನ್ನಡವಿದ್ದರೂ ಎರಡರ ಚರಿತ್ರೆ ಒಂದಲ್ಲ. ರಾಯದುರ್ಗ ಬಳ್ಳಾರಿ ಜಿಲ್ಲೆಯದಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆ ಜಿಲ್ಲೆಯನ್ನು ಒಡೆದರು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ಮೇಲೆ ಜಗಳ ಜೋರಾಗಿ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ವಿಚಾರಣೆ ನಡೆಸಿದರು, ಕೊನೆಗೆ ಅದೂ ಮೈಸೂರಿಗೇ ಬಂತು. ಬಳ್ಳಾರಿ ಉಳಿಯಿತೆಂಬ ಸಂಭ್ರಮದಲ್ಲಿ ರಾಯದುರ್ಗ ಹೋದದ್ದು ನಮ್ಮವರ ಮನಸ್ಸಿಗೆ ಅಷ್ಟಾಗಿ ನಾಟಲಿಲ್ಲ. ಮಡಕಶಿರಾದ್ದು ಇನ್ನೂ ಹಳೆಯ ಮಾತು. 1882ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ಅನಂತಪುರ ಜಿಲ್ಲೆಯಾದಾಗಲೇ ಅದು ಅನಂತಪುರದ ಪಾಲಿಗೆ ಹೋಗಿತ್ತು. ಹಾಗಾಗಿ 1953ರ ಜಗಳದಲ್ಲಿ ಅದರ ಹೆಸರೇ ದೊಡ್ಡದಾಗಿ ಕೇಳಲಿಲ್ಲ.

ಗಡಿಯ ಮಾತು ಬಂದರೆ ನಮ್ಮ ಭಾಷಣಕಾರರು ನೇರ ಅಮರಾಪುರ ಮಂಡಲದ ಹೇಮಾವತಿಗೆ ಹೋಗುತ್ತಾರೆ. ಅದು ಹೆಂಜೇರು, ನೊಳಂಬರ ರಾಜಧಾನಿ. ಸಿದ್ಧೇಶ್ವರ ಗುಡಿ ಇದೆ, ಕಪ್ಪು ಕಲ್ಲಿನ ಕೆತ್ತನೆ ಇದೆ, ಕನ್ನಡ ಶಾಸನಗಳಿವೆ. ನಿಜ, ನೋಡಲೇಬೇಕಾದ ಜಾಗ. ಆದರೆ ನೊಳಂಬರ ಶಾಸನ ಸಾವಿರ ವರ್ಷದಿಂದ ಮೇಷ್ಟರಿಲ್ಲದೆಯೂ ಉಳಿದುಕೊಂಡಿದೆ. ಅದೇ ಊರಿನ ಒಂದನೇ ತರಗತಿಯ ಹುಡುಗಿ ಹಾಗೆ ಉಳಿಯಲಾರಳು.

ಆ ಹುಡುಗಿ ತೆಲುಗು ಹೇಳುವ ತರಗತಿಯಲ್ಲಿ ಕೂತಿದ್ದಾಳೆ ಎಂದುಕೊಳ್ಳಿ. ಇಲ್ಲಿನ ತೊಡಕು ಬೇರೆ ಗಡಿಗಳದ್ದಕ್ಕಿಂತ ಸೂಕ್ಷ್ಮವಾದದ್ದು. ಕನ್ನಡ, ತೆಲುಗು ಅಷ್ಟು ಹತ್ತಿರದವಾದ್ದರಿಂದ ಅವಳಿಗೆ ಅರ್ಧ ಅರ್ಥವಾಗುತ್ತದೆ. ‘ಪುಸ್ತಕಂ ತಿಯ್ಯಿ’ ಎಂದಾಗ ಪುಸ್ತಕ ಎಂಬಷ್ಟು ಕೇಳಿಸುತ್ತದೆ, ಪಕ್ಕದವಳು ಬ್ಯಾಗಿಗೆ ಕೈ ಹಾಕಿದ್ದನ್ನು ನೋಡಿ ತಾನೂ ಹಾಕುತ್ತಾಳೆ. ಟೀಚರಿಗೆ ಮಗು ಕಲಿಯುತ್ತಿದೆ ಎಂದೇ ಕಾಣುತ್ತದೆ. ಬರೀ ಪರಭಾಷೆಯ ತರಗತಿಯಲ್ಲಿ ಮಗು ಅತ್ತೀತು, ಟೀಚರು ಎಚ್ಚೆತ್ತಾರು. ಇಲ್ಲಿ ಯಾರೂ ಅಳುವುದಿಲ್ಲ. ಲೆಕ್ಕ ಬಂದಾಗಲೇ ಬಣ್ಣ ಬಯಲು. ಮನೆಯಲ್ಲಿ ತಾತ ಬೆರಳು ಮಡಿಸಿ ಎಣಿಸಲು ಕಲಿಸಿರುತ್ತಾನೆ. ಐದು, ಆರು ಎರಡು ಭಾಷೆಯಲ್ಲೂ ಒಂದೇ. ಏಳು ಅಲ್ಲಿ ಏಡು ಆಗುತ್ತದೆ, ಎಂಟಕ್ಕೆ ಎನಿಮಿದಿ, ಒಂಬತ್ತಕ್ಕೆ ತೊಮ್ಮಿದಿ, ಹತ್ತಕ್ಕೆ ಪದಿ. ‘ಏಳೆಂಟ್ಲಿ ಐವತ್ತಾರು’ ಎಂದು ಗಟ್ಟಿಯಾಗಿ ಒಪ್ಪಿಸುವ ಮಗು ಇಲ್ಲಿ ಮೊದಲು ಏಳನ್ನು, ಎಂಟನ್ನು, ಐವತ್ತಾರನ್ನು ತಿರುಗಿಸಿಕೊಂಡು ಆಮೇಲೆ ಬಾಯಿ ಬಿಡಬೇಕು. ಅಷ್ಟರಲ್ಲಿ ಮುಂದಿನ ಬೆಂಚಿನವನು ಹೇಳಿಬಿಟ್ಟಿರುತ್ತಾನೆ. ಮಗ್ಗಿ ಬರುವ ಮಗುವಿಗೆ ಮಗ್ಗಿ ಬಾರದೆಂಬ ಷರಾ ಬೀಳುತ್ತದೆ. ಮೂರನೇ ತರಗತಿಯ ಹೊತ್ತಿಗೆ ಅದು ‘ಸುಮ್ಮನಿರುವ ಮಗು’ ಎಂದು ಹೆಸರಾಗಿರುತ್ತದೆ.

ಮನೆಗೆ ಹೋದರೆ ತಾಯಿ ಹೇಳಿಕೊಡಬಾರದೇ? ಗಡಿಯ ಊರುಗಳಲ್ಲಿ ಹೆಣ್ಣು ಕೊಡುವ ತರುವ ಸಂಬಂಧ ರಾಜ್ಯದ ಗೆರೆ ನೋಡಿ ನಡೆಯುವುದಿಲ್ಲ. ಶಿರಾ ಕಡೆಯಿಂದ, ಮಧುಗಿರಿ ಕಡೆಯಿಂದ, ಮೊಳಕಾಲ್ಮೂರಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ ಓದಿದವರೇ ಇರುತ್ತಾರೆ, ಓದಿದ್ದು ಕನ್ನಡದಲ್ಲಿ. ಅಕ್ಷರಸ್ಥ ತಾಯಿ ಮಗುವಿನ ತೆಲುಗು ಪುಸ್ತಕದ ಮುಂದೆ ಅನಕ್ಷರಸ್ಥಳಾಗುತ್ತಾಳೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ ತಾಯಂದಿರೇ ಇರಬೇಕು. ಸುತ್ತೋಲೆ ಓದಲು ಬಾರದವರು ಆ ಸಮಿತಿಯಲ್ಲಿ ಮಾಡುವುದೇನು? ಹಾಜರಿ ಪುಸ್ತಕಕ್ಕೆ ಕನ್ನಡದಲ್ಲಿ ರುಜು ಹಾಕಿ ಎದ್ದು ಬರುವುದು.

ಇದಕ್ಕೆಲ್ಲ ಮದ್ದು ಕನ್ನಡ ಮಾಧ್ಯಮ ಶಾಲೆ ತಾನೆ, ಅದು ಅಲ್ಲಿ ಇಲ್ಲವೇ ಎಂದು ಕೇಳಬಹುದು. ಇದೆ. ಮಂಡಲ ಪರಿಷತ್ತಿನ ಪ್ರಾಥಮಿಕ ಶಾಲೆಗಳಿವೆ, ಜಿಲ್ಲಾ ಪರಿಷತ್ತಿನ ಹೈಸ್ಕೂಲುಗಳಿವೆ, ಹತ್ತನೇ ತರಗತಿಯ ಪರೀಕ್ಷೆಯನ್ನು ಆಂಧ್ರದಲ್ಲಿ ಕನ್ನಡದಲ್ಲೇ ಬರೆಯಬಹುದು. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟೆಟ್‌ನಲ್ಲೂ ಕನ್ನಡ ಒಂದು ಭಾಷೆ. ಸಂವಿಧಾನದ ಬೆಂಬಲವೂ ಇದೆ. 1956ರ ಏಳನೇ ತಿದ್ದುಪಡಿಯಲ್ಲಿ ಬಂದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಿ ಎಂದು ರಾಜ್ಯಗಳಿಗೆ ಹೇಳುತ್ತದೆ. ಅದಕ್ಕೂ ಮೊದಲು, 1949ರಲ್ಲಿ, ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಸೂತ್ರ ಹಾಕಿದ್ದರು: ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕು. ಕಾಗದದ ಮೇಲೆ ಯಾವುದೂ ಕಮ್ಮಿಯಿಲ್ಲ. ಕಮ್ಮಿಯಿರುವುದು ಕರಿಹಲಗೆಯ ಮುಂದೆ ನಿಲ್ಲುವವರು.

ಈ ಕೊರತೆ ಯಾರದೋ ದ್ವೇಷದಿಂದ ಆದದ್ದೆಂದು ನಮ್ಮಲ್ಲಿ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದ್ವೇಷವಾಗಿದ್ದರೆ ಹೋರಾಡಬಹುದಿತ್ತು. ಇದು ನಿಯಮಗಳು ಒಂದರ ಕಾಲು ಒಂದು ತುಳಿಯುವ ಕಥೆ. ಆಂಧ್ರದಲ್ಲಿ ಶಿಕ್ಷಕರ ನೇಮಕ ಡಿಎಸ್‌ಸಿ ಎಂಬ ಜಿಲ್ಲಾ ಆಯ್ಕೆ ಸಮಿತಿಯ ಮೂಲಕ, ಜಿಲ್ಲಾವಾರು, ಮಾಧ್ಯಮವಾರು. ಕನ್ನಡ ಮಾಧ್ಯಮದ ಹುದ್ದೆಗೆ ಬರುವವರು ಕನ್ನಡದಲ್ಲಿ ಅಥವಾ ಕನ್ನಡವನ್ನು ಭಾಷೆಯಾಗಿ ಓದಿರಬೇಕು, ಅದು ಸರಿಯೇ. ಹತ್ತು ಮುಗಿಸಿದ ಮಡಕಶಿರಾದ ಹುಡುಗನ ಮುಂದೆ ಆಗ ಎರಡು ದಾರಿ. ಊರಲ್ಲೇ ಇಂಟರ್‌ಮೀಡಿಯೆಟ್ ಸೇರಿದರೆ ತೆಲುಗೋ ಇಂಗ್ಲಿಷೋ ಮಾಧ್ಯಮ; ಕನ್ನಡ ಬಹಳವೆಂದರೆ ಎರಡನೇ ಭಾಷೆಯಾಗಿ ಉಳಿದೀತು. ಪಾವಗಡಕ್ಕೋ ಶಿರಾಕ್ಕೋ ಹೋಗಿ ಪಿಯುಸಿ, ಅಲ್ಲೇ ಡಿ.ಎಡ್. ಮಾಡಿದರೆ ಕನ್ನಡ ಗಟ್ಟಿಯಾಗುತ್ತದೆ. ಆದರೆ 371ಡಿ ವಿಧಿಯಡಿ 1975ರಲ್ಲಿ ಬಂದ ರಾಷ್ಟ್ರಪತಿ ಆದೇಶದಂತೆ ಆಂಧ್ರದ ಕೆಲಸಗಳಲ್ಲಿ ದೊಡ್ಡ ಪಾಲು ‘ಸ್ಥಳೀಯ’ ಅಭ್ಯರ್ಥಿಗೆ. ಸ್ಥಳೀಯನೆಂದರೆ ಅರ್ಹತಾ ಪರೀಕ್ಷೆಗೆ ಹಿಂದಿನ ವರ್ಷಗಳನ್ನು ಅಲ್ಲೇ ಓದಿದವನು. ಗಡಿ ದಾಟಿ ಓದಿದ ವರ್ಷಗಳು ಲೆಕ್ಕ ತಪ್ಪಿಸಿಬಿಡಬಹುದು. ಕನ್ನಡ ಕಲಿಯಲು ಹೋದವನು ಊರಿಗೆ ಹೊರಗಿನವನಾಗುವ ಅಪಾಯ, ಊರಲ್ಲಿ ಉಳಿದವನು ಕನ್ನಡಕ್ಕೆ ಹೊರಗಿನವನಾಗುವ ಅಪಾಯ. ಅತ್ತ ದರಿ, ಇತ್ತ ಪುಲಿ.

ಇದರ ಮೇಲೆ ರೋಸ್ಟರು, ಅಂದರೆ ಮೀಸಲಾತಿಯ ಸರದಿ ಪಟ್ಟಿ. ಮೀಸಲಾತಿ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ತೆಲುಗು ಮಾಧ್ಯಮದಲ್ಲಿ ನೂರಾರು ಹುದ್ದೆ ಇರುವಲ್ಲಿ ರೋಸ್ಟರು ಸಲೀಸಾಗಿ ಓಡುತ್ತದೆ. ಕನ್ನಡ ಮಾಧ್ಯಮದ ಬೆರಳೆಣಿಕೆಯ ಹುದ್ದೆಗಳಲ್ಲಿ ಒಂದು ನಿರ್ದಿಷ್ಟ ವರ್ಗದ ಮಹಿಳೆಗೆ ಎಂದು ಬಿದ್ದು, ಆ ವರ್ಗದಲ್ಲಿ ಕನ್ನಡ ಟೆಟ್ ಪಾಸಾದ ಒಬ್ಬಳೂ ಸಿಗದಿದ್ದರೆ ಆ ಹುದ್ದೆ ಖಾಲಿಯೇ ಮುಂದಕ್ಕೆ ಹೋಗುತ್ತದೆ. ಸಿಗದಿರಲು ಕಾರಣ ಆ ವರ್ಗದ ಹುಡುಗಿಗೆ ಹತ್ತರ ಆಚೆ ಕನ್ನಡದಲ್ಲಿ ಓದುವ ಅನುಕೂಲ ಇಲ್ಲದಿರುವುದು. ದಲಿತ ಹುಡುಗಿಗೆಂದು ಇಟ್ಟ ಕುರ್ಚಿಯನ್ನು ದಲಿತ ಹುಡುಗಿಯೇ ತಲುಪದ ಹಾಗೆ ದಾರಿ ಕಡಿದಿದೆ. ಸಮಾನತೆಯ ವಿಷಯದಲ್ಲಿ ಭಾಷೆ ಬೇರೆ, ಜಾತಿ ಬೇರೆ, ಹೆಣ್ಣು ಬೇರೆ ಎಂದು ಕಡತ ಮಾಡುವವರು ಒಮ್ಮೆ ಈ ಒಂದು ಖಾಲಿ ಹುದ್ದೆಯ ಕಡತ ತೆರೆದು ನೋಡಬೇಕು.

ಮೇಷ್ಟರಿಲ್ಲ ಎಂದ ಮೇಲೆ ತಂದೆ ತಾಯಿ ಎಷ್ಟು ದಿನ ಕಾದಾರು? ಊರಿಗೆ ಖಾಸಗಿ ಶಾಲೆಯ ಹಳದಿ ಬಸ್ಸು ಬರುತ್ತದೆ. ನಾಲ್ಕು ಮನೆಯವರು ಮಕ್ಕಳನ್ನು ಹತ್ತಿಸಿದರೆ ತರಗತಿಯ ಹತ್ತು ಆರಾಗುತ್ತದೆ. ಸಂಖ್ಯೆ ಕುಸಿದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಉಳಿದ ಆರೂ ಹೋಗುತ್ತವೆ. 2022ರ ಜೂನ್‌ನಲ್ಲಿ ಬಂದ 117ನೇ ಆದೇಶ ಹತ್ತಿರದ ಹೈಸ್ಕೂಲುಗಳಿಗೆ ಮೂರರಿಂದ ಐದನೇ ತರಗತಿಯ ಮಕ್ಕಳನ್ನು ಸೇರಿಸಲು ಹೊರಟಿತ್ತು. ವಿಷಯಕ್ಕೊಬ್ಬ ಶಿಕ್ಷಕರು ಸಿಗಲಿ ಎಂಬ ಉದ್ದೇಶ ಕೆಟ್ಟದ್ದೇನಲ್ಲ. ಹತ್ತಿರದ ಹೈಸ್ಕೂಲು ಯಾವ ಮಾಧ್ಯಮದ್ದು ಎಂಬ ಪ್ರಶ್ನೆ ವಿಜಯವಾಡದ ಮೇಜಿನ ಮೇಲೆ ಏಳುವುದಿಲ್ಲ, ರೊಳ್ಳದಲ್ಲಿ ಏಳುತ್ತದೆ. ಆ ಆದೇಶವನ್ನು 2025ರಲ್ಲಿ ಈಗಿನ ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತು. 2022ರ ಏಪ್ರಿಲ್ 4ರಂದು ಇನ್ನೊಂದು ಸಂಗತಿ ನಡೆಯಿತು: ಮಡಕಶಿರಾ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಮೊದಲೇ ಸಣ್ಣದಾಗಿದ್ದ ಕನ್ನಡ ಶಾಲೆಗಳ ಗುಂಪು ಇಬ್ಬರು ಶಿಕ್ಷಣಾಧಿಕಾರಿಗಳ ನಡುವೆ ಹಂಚಿಹೋಯಿತು.

ಇಂಗ್ಲಿಷಿನ ಕಥೆಯಲ್ಲಿ ಒಂದು ವಿನೋದವಿದೆ. 2019ರ ಕೊನೆಯಲ್ಲಿ ಆಂಧ್ರ ಸರ್ಕಾರ ಒಂದರಿಂದ ಆರನೇ ತರಗತಿವರೆಗೆ ಎಲ್ಲ ಸರ್ಕಾರಿ ಶಾಲೆಗಳನ್ನೂ ಇಂಗ್ಲಿಷ್ ಮಾಧ್ಯಮ ಮಾಡಲು ಹೊರಟಿತು. ಚರ್ಚೆಯೆಲ್ಲ ತೆಲುಗು ಉಳಿಯುತ್ತದೋ ಹೋಗುತ್ತದೋ ಎಂಬುದರ ಮೇಲೆ. ಕನ್ನಡ, ತಮಿಳು, ಒಡಿಯಾ ಮಕ್ಕಳು ಅದರ ಅಂಚಿನಲ್ಲಿ ನಿಂತಿದ್ದರು. 2020ರ ಏಪ್ರಿಲ್ 15ರಂದು ಹೈಕೋರ್ಟು ಆ ಆದೇಶ ರದ್ದು ಮಾಡಿತು. ಅದಕ್ಕೆ ಆಧಾರವಾದವುಗಳಲ್ಲಿ ಒಂದು 2014ರ ಮೇ 6ರ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪು. ಯಾವ ತೀರ್ಪು? ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ತಂದೆ ತಾಯಿಯದು ಎಂದು ಹೇಳಿ ಕರ್ನಾಟಕವನ್ನು ಸೋಲಿಸಿದ ತೀರ್ಪು. ಬೆಂಗಳೂರಿನಲ್ಲಿ ಕನ್ನಡಕ್ಕೆ ಮರಣಶಾಸನ ಎಂದು ನಾವೆಲ್ಲ ಬೈದದ್ದು, ಆರು ವರ್ಷದ ನಂತರ ಅಮರಾವತಿಯಲ್ಲಿ ಕನ್ನಡ ಮಾಧ್ಯಮದ ಮಗುವಿಗೂ ಅಡ್ಡ ನಿಂತು ಕಾಯಿತು.

ಕಾದದ್ದು ಎಷ್ಟು ದಿನ ಎಂಬುದು ಬೇರೆ. ಇಂಗ್ಲಿಷ್ ಬೇರೆ ಬಾಗಿಲಿಂದ ಬಂತು, ಎರಡು ಭಾಷೆಯ ಪಠ್ಯಪುಸ್ತಕವಾಗಿ. ಒಂದು ಪುಟ ಇಂಗ್ಲಿಷ್, ಎದುರು ಪುಟ ಅದೇ ಪಾಠ ತೆಲುಗಿನಲ್ಲಿ. ತೆಲುಗು ಮಗುವಿಗೆ ಇದು ಒಳ್ಳೆಯ ಏರ್ಪಾಡು, ಗೊತ್ತಾಗದಿದ್ದರೆ ಪಕ್ಕಕ್ಕೆ ಕಣ್ಣು ಹಾಯಿಸಿದರಾಯಿತು. ಆ ತರಗತಿಯಲ್ಲಿ ಕೂತ ಕನ್ನಡದ ಮಗು ಎರಡು ಪುಟವನ್ನೂ ಪಕ್ಕದಿಂದಲೇ ನೋಡಬೇಕು.

ಇಂಗ್ಲಿಷ್ ಬಯಸುವ ತಂದೆ ತಾಯಿಯನ್ನು ಭಾಷಾದ್ರೋಹಿಗಳೆನ್ನುವುದು ನನಗೆ ಒಪ್ಪಿಗೆಯಿಲ್ಲ. ರಾಯದುರ್ಗದಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಪ್ಯಾಂಟಿಗಿಷ್ಟು ಎಂಬ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಂಗಸು, ಮಳೆ ನಂಬಿ ಶೇಂಗಾ ಹಾಕಿ ಕೈಸುಟ್ಟುಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟ ಗಂಡಸು, ಇವರ ಕಣ್ಣಿಗೆ ಭಾಷೆ ಎಂದರೆ ಮೊದಲು ಸಂಬಳ. ಸಮೀಪದ ರಾಳ್ಲಪಲ್ಲಿಯಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಟ್ಟಲೆ ತೆಲುಗು ಪಾಠ ಹೇಳಿದರು. ಎರಡು ಭಾಷೆ ಇಲ್ಲಿನವರಿಗೆ ಹೊರೆಯಾಗಬೇಕಿಲ್ಲ, ಬದುಕಿಗೆ ಆಸರೆಯಾಗಬಲ್ಲದು ಎನ್ನುವುದಕ್ಕೆ ಅವರೊಬ್ಬರೇ ಸಾಕು. ಆಂಧ್ರದಲ್ಲಿ ಬದುಕುವ ಮಗುವಿಗೆ ತೆಲುಗು ಬೇಕು, ಇಂಗ್ಲಿಷ್ ಬೇಕು. ಪ್ರಶ್ನೆ ಇರುವುದು ಯಾವುದರ ಮೂಲಕ ಯಾವುದಕ್ಕೆ ಹೋಗಬೇಕು ಎಂಬುದರಲ್ಲಿ. ರಾಯದುರ್ಗ ಆಂಧ್ರಕ್ಕೆ ಹೋದ ಅದೇ 1953ರಲ್ಲಿ ಯುನೆಸ್ಕೊ ತಾಯ್ನುಡಿಯಲ್ಲೇ ಮಗುವಿನ ಓದು ಶುರುವಾಗಬೇಕೆಂದು ಒಂದು ದೊಡ್ಡ ವರದಿ ತಂದಿತ್ತು. ಆಮೇಲೆ ಬಂದ ಹಲವು ಆಯೋಗಗಳೂ, 2020ರ ಶಿಕ್ಷಣ ನೀತಿಯೂ ಅದನ್ನೇ ಹೇಳುತ್ತಾ ಬಂದಿವೆ.

ಆಂಧ್ರಕ್ಕೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸುಮಾರು 2004ರಲ್ಲೇ ಆ ರಾಜ್ಯ ಸವರ, ಕೋಯ, ಗೊಂಡಿ, ಕೊಲಾಮಿ ಮುಂತಾದ ಎಂಟು ಬುಡಕಟ್ಟು ಭಾಷೆಗಳಲ್ಲಿ ಮಕ್ಕಳಿಗೆ ಓದು ಶುರು ಮಾಡಿಸಿ, ಮೆಲ್ಲಗೆ ತೆಲುಗಿಗೆ ಕರೆತರುವ ಪ್ರಯೋಗ ಮಾಡಿತ್ತು. ಒಡಿಶಾ ಆಮೇಲೆ ಅದೇ ಹಾದಿ ಹಿಡಿಯಿತು. ಸ್ವಂತ ಲಿಪಿಯಲ್ಲಿ ಪಠ್ಯಪುಸ್ತಕ ಇಲ್ಲದ ಭಾಷೆಗಳಲ್ಲಿ ಅಷ್ಟು ಮಾಡಿದವರಿಗೆ ಕನ್ನಡ ಕಷ್ಟವಾಗಬಾರದು. ಕನ್ನಡ, ತೆಲುಗು ಲಿಪಿ ಒಡಹುಟ್ಟಿದವರ ಮುಖದಂತೆ. ವರ್ಣಮಾಲೆ ಒಂದೇ, ಒತ್ತು, ಗುಣಿತ ಒಂದೇ. ಕನ್ನಡದಲ್ಲಿ ಸರಾಗ ಓದುವ ಮಗುವಿಗೆ ಮೂರನೇ ತರಗತಿಯಲ್ಲಿ ತೆಲುಗು ಅಕ್ಷರ ಹಿಡಿಯಲು ಕೆಲವೇ ವಾರ ಸಾಕು. ಇಷ್ಟು ಸಲೀಸಾದ ಸೇತುವೆ ಕಾಸರಗೋಡಿನಲ್ಲಿಲ್ಲ, ಸೊಲ್ಲಾಪುರದಲ್ಲಿಲ್ಲ.

ಕಾಸರಗೋಡಿನ ಕಷ್ಟ ನಮಗೆ ಗೊತ್ತು. ಕನ್ನಡ ಬಾರದ ಮೇಷ್ಟರನ್ನು ಕನ್ನಡ ಶಾಲೆಗೆ ಹಾಕಿದರೆ ಏನಾಗುತ್ತದೆಂದು 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರ ನಗಿಸುತ್ತಲೇ ಹೇಳಿತು. ರಾಯದುರ್ಗಕ್ಕೆ ಅಂಥ ಸಿನಿಮಾ ಇಲ್ಲ. ಇದ್ದಿದ್ದರೆ ಅದರಲ್ಲಿ ಜಾತಿ ಪ್ರಮಾಣಪತ್ರದ ಒಂದು ದೃಶ್ಯ ಇರಲೇಬೇಕಿತ್ತು. ಮೊಳಕಾಲ್ಮೂರಿನ ನಾಯಕರ ಮನೆಯ ಮಗು 1991ರಿಂದ ಪರಿಶಿಷ್ಟ ಪಂಗಡ. ಆ ವಿಧಾನಸಭಾ ಕ್ಷೇತ್ರವೇ ಪಂಗಡಕ್ಕೆ ಮೀಸಲು. ಅವರ ನೆಂಟರಾದ ರಾಯದುರ್ಗದ ಬೋಯ, ವಾಲ್ಮೀಕಿ ಮನೆಯ ಮಗು ಹಿಂದುಳಿದ ವರ್ಗ ‘ಎ’. ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ, ಮುಂದೆ ಕಾಲೇಜು ಸೀಟು, ಎಲ್ಲ ಲೆಕ್ಕವೂ ಬೇರೆ. ಗಡಿ ದಾಟಿ ಮದುವೆಯಾದ ಹೆಣ್ಣಿನ ಮಕ್ಕಳಿಗೆ ಅಮ್ಮನ ತವರಿನ ಸೌಲಭ್ಯ ದಾಟಿ ಬರುವುದಿಲ್ಲ. ಬೋಯ, ವಾಲ್ಮೀಕಿಗಳನ್ನು ಪಂಗಡಕ್ಕೆ ಸೇರಿಸಬೇಕೆಂದು ಆಂಧ್ರ ವಿಧಾನಸಭೆ 2017ರಲ್ಲೂ 2023ರಲ್ಲೂ ನಿರ್ಣಯ ಮಾಡಿ ದೆಹಲಿಗೆ ಕಳಿಸಿತು.

ಅಂಗವಿಕಲ ಮಕ್ಕಳ ವಿಷಯ ಇಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ, ಬರಬೇಕು. ಮಂಡಲ ಮಟ್ಟದಲ್ಲಿ ಆಂಧ್ರ ‘ಭವಿತ’ ಕೇಂದ್ರಗಳನ್ನು ನಡೆಸುತ್ತದೆ, ಒಳ್ಳೆಯ ಕೆಲಸ. ಕಿವಿ ಮಂದವಾದ, ಮಾತು ತಡವಾದ ಮಗುವಿಗೆ ಅಲ್ಲಿ ಉಚ್ಚಾರ ತಿದ್ದುತ್ತಾರೆ. ಆ ತಿದ್ದುವಿಕೆ ತೆಲುಗಿನಲ್ಲಿ ನಡೆದು, ಸಂಜೆ ಮನೆಗೆ ಬಂದ ಮಗುವಿನ ಜೊತೆ ಅಜ್ಜಿ ಕನ್ನಡದಲ್ಲಿ ಮಾತಾಡಿದರೆ? ಚುರುಕಾದ ಮಗು ಎರಡು ಭಾಷೆಯ ನಡುವೆ ಹೇಗೋ ಈಜೀತು. ಒಂದೊಂದು ಶಬ್ದವನ್ನೂ ಕಷ್ಟಪಟ್ಟು ಗಳಿಸುವ ಮಗುವಿಗೆ ಬೆಳಿಗ್ಗೆ ಗಳಿಸಿದ್ದು ಸಂಜೆ ಚಲಾವಣೆಯಾಗುವುದಿಲ್ಲ.

ಇಷ್ಟೆಲ್ಲ ಆಚೆಯವರಿಗೆ ಹೇಳುವಾಗ ಈಚೆಯ ಮನೆಯನ್ನೂ ನೋಡಿಕೊಳ್ಳಬೇಕಲ್ಲ. ಪಾವಗಡದಲ್ಲಿ, ಬಾಗೇಪಲ್ಲಿಯಲ್ಲಿ, ಶ್ರೀನಿವಾಸಪುರದಲ್ಲಿ ಮನೆತುಂಬ ತೆಲುಗು ಮಾತಾಡುವ ಮಕ್ಕಳು ನಮ್ಮ ಸರ್ಕಾರಿ ಶಾಲೆಗೆ ಬಂದು ಮೊದಲ ದಿನವೇ ಕನ್ನಡ ಕೇಳುತ್ತಾರೆ. ಅವರ ಮಗ್ಗಿಯೂ ತಿರುಗುಮುರುಗಾಗುತ್ತದೆ. ಅಲ್ಲಿನ ಎಷ್ಟೋ ಮೇಷ್ಟರು ಯಾರೂ ಹೇಳದೆಯೇ ಮೊದಲ ವರ್ಷ ಅರ್ಧ ಪಾಠ ತೆಲುಗಿನಲ್ಲಿ ಹೇಳಿ ಸುಧಾರಿಸುತ್ತಾರೆ. ಅದಕ್ಕೆ ತರಬೇತಿ ಇಲ್ಲ, ಮೆಚ್ಚುಗೆ ಇಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವರ ಕಿವಿಗೆ ಬಿದ್ದರೆ ನೋಟಿಸು ಬಂದೀತೆಂಬ ಅಂಜಿಕೆ ಇದೆ. ರಾಯದುರ್ಗಕ್ಕಾಗಿ ಕೇಳುವ ನ್ಯಾಯವನ್ನು ಬಾಗೇಪಲ್ಲಿಯಲ್ಲಿ ಕೊಟ್ಟರೆ ಕೇಳುವ ದನಿಗೆ ತೂಕ ಬರುತ್ತದೆ.

ಬೆಂಗಳೂರಿನಿಂದ ಗಡಿಗೆ ಹೋಗುವ ನೆರವು ಬಹುಪಾಲು ಕಟ್ಟಡ, ಭವನ, ಉತ್ಸವದ ರೂಪದಲ್ಲಿರುತ್ತದೆ. ನವೆಂಬರ್‌ನಲ್ಲಿ ಬಾವುಟ, ಶಾಲು, ಸನ್ಮಾನ. ಮಕ್ಕಳಿಗೆ ಬೇಕಾದದ್ದು ಮುಂದಿನ ಇಪ್ಪತ್ತು ವರ್ಷಕ್ಕೆ ಮೇಷ್ಟರು. ತುಮಕೂರು, ಚಿತ್ರದುರ್ಗ, ಬಳ್ಳಾರಿಯ ಶಿಕ್ಷಕರ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ಮಡಕಶಿರಾ, ರಾಯದುರ್ಗ ಕಡೆಯ ಮಕ್ಕಳಿಗೆ ವರ್ಷಕ್ಕೆ ಹತ್ತು ಡಿ.ಎಡ್. ಸೀಟು, ಹಾಸ್ಟೆಲು, ಅದರಲ್ಲಿ ಅರ್ಧ ಹುಡುಗಿಯರಿಗೆ ಎಂದಿಟ್ಟರೆ ಕರ್ನಾಟಕಕ್ಕೆ ಅದೊಂದು ಖರ್ಚೇ ಅಲ್ಲ. ಕನ್ನಡ ಮಾಧ್ಯಮದ ಹುದ್ದೆಯ ಮಟ್ಟಿಗೆ ಹಾಗೆ ಓದಿದ ವರ್ಷಗಳಿಂದ ಸ್ಥಳೀಯತೆ ಕಳೆದುಹೋಗದಂತೆ ನೋಡಿಕೊಳ್ಳುವ ಕೆಲಸ ಆಂಧ್ರದ್ದು. ರಾಷ್ಟ್ರಪತಿ ಆದೇಶ ನಡುವೆ ಇರುವುದರಿಂದ ದೆಹಲಿಯ ಒಪ್ಪಿಗೆಯೂ ಬೇಕಾದೀತು, ಅದು ಇಬ್ಬರು ಮುಖ್ಯಮಂತ್ರಿಗಳು ಸೇರಿ ಬರೆಯಬೇಕಾದ ಕಾಗದ. ಅದಕ್ಕೆ ಕಾಯದೆ ಮಾಡಬಹುದಾದದ್ದು ಮೊದಲ ಅರ್ಧ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಮುಂದಿನ ವರ್ಷದ ಅನುದಾನದ ಪಟ್ಟಿಯಲ್ಲಿ ಸಮುದಾಯ ಭವನಗಳ ಕೆಳಗೆ ಈ ಹತ್ತು ಸೀಟಿಗೆ ಒಂದು ಸಾಲು ಬಿಡಲಿ.